ಇಂಗ್ಲಿಷ್ ವಾಕ್ಯದ ನಡುವೆ ಪಟ್ಟಿ ಬಂದರೆ ಏನು ಹಾಕಬೇಕು?

ಹಾಸನ ಡಿಟಿಪಿ:
ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ನಿನ್ನೆ ಕಾಲೇಜೊಂದರ ಅಡ್ಮಿಷನ್ ನೋಟಿಸ್ ಬಂತು. ಅದರಲ್ಲಿ ಈ ಸಾಲು (ಕೀಬೋರ್ಡ್ ಬದಲಾಯಿಸೋಕೆ ಸೋಮಾರಿತನ, ಕನ್ನಡದಲ್ಲೇ ಬರೆಯುತ್ತೇನೆ):

"ದಿ ಒರಿಜಿನಲ್ ಡಾಕ್ಯುಮೆಂಟ್ಸ್: ಟಿಸಿ, ಮಾರ್ಕ್ಸ್ ಕಾರ್ಡ್, ಕ್ಯಾಸ್ಟ್ ಸರ್ಟಿಫಿಕೇಟ್ ಅಂಡ್ ಆಧಾರ್ ಮಸ್ಟ್ ಬಿ ಸಬ್ಮಿಟೆಡ್ ಬೈ ಫ್ರೈಡೇ."

ಗುಮಾಸ್ತರು ಕೋಲನ್ ಇರಲಿ ಅಂದರು. ಜೊತೆಗಿದ್ದ ಮೇಡಂ ಅದನ್ನು ತೆಗೆಸಿ ಕಾಮಾ ಹಾಕಿಸಿದರು. ಈಗ ಓದಿದರೆ 'ಒರಿಜಿನಲ್ ಡಾಕ್ಯುಮೆಂಟ್ಸ್' ಕೂಡ ಪಟ್ಟಿಯೊಳಗೆ ಸೇರಿಕೊಂಡು ಐದು ದಾಖಲೆ ಆದ ಹಾಗಿದೆ! ಯಾವುದು ಸರಿ?

ಹಳೇ ಪ್ರೂಫ್ ರೀಡರ್:
ಎರಡೂ ಸರಿಯಿಲ್ಲ. ಕೋಲನ್ ಹಾಕಿದರೆ ಪಟ್ಟಿ ಶುರುವಾಗಿದ್ದು ಗೊತ್ತಾಗುತ್ತದೆ, ಮುಗಿದಿದ್ದು ಗೊತ್ತಾಗುವುದಿಲ್ಲ. ನಿಮ್ಮ ಸಾಲಿನ ಕೊನೆ ನೋಡಿ, ಆಧಾರ್ ಒಂದನ್ನೇ ಕೊಟ್ಟರೆ ಸಾಕೇನೋ ಅನ್ನುವ ಹಾಗೆ ಓದಿಸುತ್ತದೆ. ವಾಕ್ಯ ಪಟ್ಟಿ ದಾಟಿ ಮುಂದೆ ಹೋಗುವುದಾದರೆ ಆ ಕಡೆ ಈ ಕಡೆ ಒಂದೊಂದು ಡ್ಯಾಶ್ ಹಾಕಿ: 'ಡಾಕ್ಯುಮೆಂಟ್ಸ್' ಆದ ಮೇಲೆ ಒಂದು, 'ಆಧಾರ್' ಆದ ಮೇಲೆ ಇನ್ನೊಂದು. ಬ್ರಾಕೆಟ್ ಆದರೂ ನಡೆಯುತ್ತದೆ.

ನಮಗೆ ಈ ತೊಡಕು ಯಾಕೆ ಅಂದರೆ, ಕನ್ನಡದಲ್ಲಿ ಪಟ್ಟಿ ಮೊದಲು, ಲೆಕ್ಕ ಆಮೇಲೆ. "ಟಿಸಿ, ಮಾರ್ಕ್ಸ್ ಕಾರ್ಡ್, ಜಾತಿ ಪತ್ರ, ಆಧಾರ್ ಈ ನಾಲ್ಕನ್ನೂ ತನ್ನಿ" ಅಂತೀವಿ. 'ಈ ನಾಲ್ಕನ್ನೂ' ಅಂದಾಗಲೇ ಪಟ್ಟಿ ಮುಗಿಯಿತು, ಬೇರೆ ಚಿಹ್ನೆ ಬೇಕಾಗುವುದಿಲ್ಲ. ಇಂಗ್ಲಿಷಿನಲ್ಲಿ ಮೊದಲು 'ಡಾಕ್ಯುಮೆಂಟ್ಸ್' ಅಂದುಬಿಟ್ಟು ಆಮೇಲೆ ಬಿಡಿಸಿ ಹೇಳುತ್ತಾರೆ.

ಕೋಲನ್ನೇ ಬೇಕು ಅಂದರೆ ಪಟ್ಟಿಯನ್ನು ಕೊನೆಗೆ ತಳ್ಳಿ. "ಸಬ್ಮಿಟ್ ದೀಸ್ ಒರಿಜಿನಲ್ಸ್ ಬೈ ಫ್ರೈಡೇ:" ಅಂತ ವಾಕ್ಯ ಪೂರ್ತಿ ಮಾಡಿ, ಆಮೇಲೆ ಪಟ್ಟಿ.

ಹಾಸನ ಡಿಟಿಪಿ:
ಡ್ಯಾಶ್ ಅಂದರೆ ಸೊನ್ನೆ ಪಕ್ಕದ ಕೀ ತಾನೇ ಸರ್?

ಹಳೇ ಪ್ರೂಫ್ ರೀಡರ್:
ಅಯ್ಯೋ, ಅದು ಹೈಫನ್! ವಿಂಡೋಸ್‌ನಲ್ಲಿ ಆಲ್ಟ್ ಒತ್ತಿ ಹಿಡಿದು ಬಲಗಡೆ ನಂಬರ್ ಕೀಗಳಲ್ಲಿ 0151 ಒತ್ತಿ. ಉದ್ದನೆಯ ಡ್ಯಾಶ್ ಬರುತ್ತದೆ, ಅಕ್ಕಪಕ್ಕ ಜಾಗ ಬಿಡಬೇಡಿ. ಬ್ರಿಟಿಷ್ ಪುಸ್ತಕಗಳಲ್ಲಿ ಜಾಸ್ತಿ ಕಾಣುವುದು ಚಿಕ್ಕ ಡ್ಯಾಶ್, ಅದು 0150. ಅದಕ್ಕೆ ಎರಡೂ ಕಡೆ ಜಾಗ ಬೇಕು. ಒಂದೇ ನೋಟಿಸಿನಲ್ಲಿ ಎರಡನ್ನೂ ಬೆರೆಸಬೇಡಿ.

ಬಾಸ್ಟನ್ ಕನ್ನಡಿಗ:
ಕಾಮಾ ಅಂದರೆ ಸುಮ್ನೆ ಅಲ್ಲ. ಇಲ್ಲೇ ಹತ್ತಿರದ ಮೇನ್ ರಾಜ್ಯದಲ್ಲಿ ಡೇರಿ ಡ್ರೈವರ್‌ಗಳು ಓವರ್‌ಟೈಮ್ ದುಡ್ಡಿಗೆ ಕೇಸು ಹಾಕಿದ್ದರು. ಯಾವ ಕೆಲಸಕ್ಕೆ ಓವರ್‌ಟೈಮ್ ಇಲ್ಲ ಅನ್ನುವ ಕಾನೂನಿನ ಪಟ್ಟಿಯ ಕೊನೆಯಲ್ಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಅಂತಿತ್ತು, 'ಆರ್' ಮುಂಚೆ ಕಾಮಾ ಇರಲಿಲ್ಲ. "ಹಾಗಾದರೆ ಅದು ಬರೀ ಪ್ಯಾಕಿಂಗ್ ಕೆಲಸ, ನಾವು ಹಾಲು ಸಾಗಿಸುವವರು" ಅನ್ನುವುದು ಅವರ ವಾದ. 2017ರಲ್ಲಿ ಮೇಲ್ಮನವಿ ಕೋರ್ಟ್ ಅವರ ಪರ ನಿಂತಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಾಗಲೇ ಆ ಪಟ್ಟಿಗೆ ಸೆಮಿಕೋಲನ್ (;) ಹಾಕಿ ಕಾನೂನನ್ನೇ ತಿದ್ದಿದ್ದರು.

ಹಳೇ ಪ್ರೂಫ್ ರೀಡರ್:
ಸೆಮಿಕೋಲನ್ ನಿಮಗೂ ಬೇಕಾಗುತ್ತದೆ. ಪರೀಕ್ಷಾ ಕೇಂದ್ರದ ಪಟ್ಟಿ ಬಂದಾಗ ನೋಡಿ: "ಸಕಲೇಶಪುರ, ಹಾಸನ, ಕಡೂರು, ಚಿಕ್ಕಮಗಳೂರು, ತಿಪಟೂರು, ತುಮಕೂರು". ಪ್ರತಿ ಕೇಂದ್ರದಲ್ಲೂ ಊರು, ಜಿಲ್ಲೆ ಅಂತ ಒಳಗೇ ಕಾಮಾ ಇರುವುದರಿಂದ ಕೇಂದ್ರಗಳ ನಡುವೆ ಸೆಮಿಕೋಲನ್ ಹಾಕಬೇಕು. ಇಲ್ಲದಿದ್ದರೆ ಮೂರು ಕೇಂದ್ರ ಆರಾಗುತ್ತವೆ.

ಹಾಸನ ಡಿಟಿಪಿ:
ಎರಡು ಡ್ಯಾಶ್ ಹಾಕಿ ಪ್ರಿಂಟ್ ತೆಗೆದುಕೊಟ್ಟೆ ಸರ್. ಮೇಡಂ ನೋಡಿ, "ಇದೇನ್ರೀ ಗೆರೆ? ನಿಮ್ಮ ಪ್ರಿಂಟರ್ ಸರಿ ಇಲ್ವಾ?" ಅಂದರು. ಕಡೆಗೆ ಪಟ್ಟಿಯನ್ನು ಸಾಲಿನ ಕೊನೆಗೆ ತಳ್ಳಿ ಕೋಲನ್ ಹಾಕಿದೆ. ಗುಮಾಸ್ತರು ಮೇಡಂ ಕಡೆ ನೋಡಿ ನಕ್ಕರು.