ಬಿಳಿ ನೆತ್ತಿಯ ಹಮ್ಮಿಂಗ್‌ಬರ್ಡ್: ಕಾಡಲ್ಲಿ ಕಾಣಲಿಲ್ಲ, ಬೇಲಿಯಲ್ಲಿ ಸಿಕ್ಕಿತು

ಶೃಂಗೇರಿ ಹುಡುಗ:
ಏಪ್ರಿಲ್‌ನಲ್ಲಿ ಅಪ್ಪ ಡಲ್ಲಾಸಿನ ನಮ್ಮನೆಗೆ ಬಂದಿದ್ದರು. ಅವರನ್ನು ಕರ್ಕೊಂಡು ಕೋಸ್ಟರಿಕಾಕ್ಕೆ ಹೋಗಿದ್ದೆ. ತುರಿಯಾಲ್ಬಾ ಹತ್ತಿರ ಎರಡು ಬೆಳಿಗ್ಗೆ ಕಾಡಿನೊಳಗೆ ಕತ್ತೆತ್ತಿಕೊಂಡೇ ಅಲೆದರೂ ಬಿಳಿ ನೆತ್ತಿಯ ಹಕ್ಕಿ ಕಾಣಲಿಲ್ಲ. ಮೂರನೇ ದಿನ ಉಳಿದಿದ್ದ ಮನೆಯ ಬೇಲಿ ಪಕ್ಕ ಅಪ್ಪ ನಿಂತುಬಿಟ್ಟರು: "ಅದೆಂತದೋ ದುಂಬಿ ನೋಡು ಮಾರಾಯ." ದುಂಬಿಯಲ್ಲ! ಮೈಯೆಲ್ಲ ಪುನರ್ಪುಳಿ ಶರಬತ್ತಿನ ಬಣ್ಣ, ನೆತ್ತಿ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ. ಅದೇ ಬೇಲಿಯಲ್ಲಿ ಅಷ್ಟೇ ಸಣ್ಣದು ಇನ್ನೊಂದು, ಬೆನ್ನು ಹಸಿರು, ಹೊಟ್ಟೆ ಬಿಳಿ. ಎರಡೂ ಒಂದೇ ಜಾತಿಯವಾ? ಕಾಡಿನ ಹಕ್ಕಿ ಬೇಲಿಗೆ ಯಾಕೆ ಬಂತು?

ಹಕ್ಕಿಪ್ರೀತಿ:
ನಿಮ್ಮ ಅಪ್ಪನ ಕಣ್ಣಿಗೆ ನಮಸ್ಕಾರ. ಅದು ಸ್ನೋಕ್ಯಾಪ್. ನಾನು ಐದು ವರ್ಷ ಕೋಸ್ಟರಿಕಾದ ರಾಜಧಾನಿ ಸ್ಯಾನ್ ಹೋಸೆಯಲ್ಲಿದ್ದೆ, ಈ ಹಕ್ಕಿಗಾಗಿಯೇ ಎಷ್ಟೋ ಸಲ ಘಟ್ಟ ಇಳಿದಿದ್ದೇನೆ. ಅಲ್ಲಿಯವರು 'ಕೊಪೆತೆ ದೆ ನಿಯೆವೆ' ಅಂತಾರೆ, ಹಿಮದ ಜುಟ್ಟು ಅಂತ. ಉದ್ದ ಆರು, ಆರೂವರೆ ಸೆಂಟಿಮೀಟರ್, ತೂಕ ಸುಮಾರು 2.5 ಗ್ರಾಂ. ಒಂದು ರೂಪಾಯಿ ನಾಣ್ಯ ಇದಕ್ಕಿಂತ ಭಾರ!

ನೀವು ನೋಡಿದ ಹಸಿರು ಬೆನ್ನಿನದು ಹೆಣ್ಣೇ ಇರಬೇಕು. ಹೆಣ್ಣಿಗೆ ಬಿಳಿ ನೆತ್ತಿ ಇಲ್ಲ. ಕೊಕ್ಕು ಗಿಡ್ಡ, ನೇರ. ಬಾಲ ಬಿಚ್ಚಿದಾಗ ಅಂಚಿನ ಗರಿಗಳಲ್ಲಿ ಬಿಳಿ ಕಾಣುತ್ತೆ. ನೆರಳಲ್ಲಿ ಕೂತ ಗಂಡಿನ ಮೈ ಬರೀ ಕಪ್ಪು, ನೆತ್ತಿಯೊಂದೇ ಬೆಳ್ಳಗೆ. ಬಿಸಿಲಿಗೆ ತಿರುಗಿದ ಆ ಒಂದು ಕ್ಷಣ ಪುನರ್ಪುಳಿ ಬಣ್ಣ ಏಳುತ್ತದಲ್ಲ, ಅದನ್ನು ನೋಡಿದವರು ಮರೆಯೋದಿಲ್ಲ.

ಇನ್ನು ಬೇಲಿ ವಿಷಯ. ಇದು ಹೊಂಡುರಾಸ್‌ನಿಂದ ಪನಾಮಾದವರೆಗೆ, ಕೆರಿಬಿಯನ್ ಕಡೆಯ ಮಳೆಕಾಡಿನ ತಪ್ಪಲಲ್ಲೇ ಹೆಚ್ಚು. ಕೋಸ್ಟರಿಕಾದಲ್ಲಿ ಮರಿ ಮಾಡೋದು 300ರಿಂದ 800 ಮೀಟರ್ ಎತ್ತರದ ಆಸುಪಾಸಿನಲ್ಲಿ. ದೊಡ್ಡ ಕಾಡೊಳಗೆ ಅದರ ಊಟ ಮರಗಳ ನೆತ್ತಿಯಲ್ಲಿ. ಕೆಳಗೆ ಕತ್ತಲಲ್ಲಿ ನಿಂತು ನೋಡಿದರೆ ಎಲ್ಲಿ ಕಾಣಬೇಕು? ಕಾಡಿನ ಅಂಚಿಗೆ ಬಂದಾಗ ಮಾತ್ರ ನಮ್ಮ ಕಣ್ಣಿನ ಮಟ್ಟಕ್ಕೆ ಇಳಿಯುತ್ತೆ. ಕಡ್ಡಿಯಂಥ ತೆನೆಯಲ್ಲಿ ನೀಲಿ ಹೂ ಇತ್ತಾ?

ಶೃಂಗೇರಿ ಹುಡುಗ:
ಹೌದು ಮೇಡಂ, ಅದೇ! ಅಂಥದೇ ಗಿಡ ನಮ್ಮೂರ ರಸ್ತೆ ಬದಿಯಲ್ಲೂ ಇದೆ ಅಂತ ಅಪ್ಪ ಅಂದರು.

ಹಕ್ಕಿಪ್ರೀತಿ:
ಸರಿಯಾಗೇ ಹೇಳಿದ್ದಾರೆ. ಸ್ಟಾಕಿಟಾರ್ಫೆಟಾ ಅದು, ಅಮೆರಿಕ ಕಡೆಯಿಂದ ನಮ್ಮಲ್ಲಿಗೂ ಬಂದಿದೆ. ಪುಟ್ಟ ಹೂವು, ಗಿಡ್ಡ ಕೊಕ್ಕಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ದೊಡ್ಡ ಹಮ್ಮಿಂಗ್‌ಬರ್ಡ್‌ಗಳು ಸ್ನೋಕ್ಯಾಪನ್ನು ಅಟ್ಟಿಬಿಡುತ್ತವೆ, ಪಾಪ.

ಮೂಡಿಗೆರೆ ತೋಟದವ:
ನಮ್ಮ ತೋಟದಲ್ಲೂ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಹೀರೋದನ್ನ ನೋಡಿದೀನಿ. ಇದೇನಾ?

ಹಕ್ಕಿಪ್ರೀತಿ:
ಅಲ್ಲ ಸಾರ್. ಹಮ್ಮಿಂಗ್‌ಬರ್ಡ್ ಇರೋದು ಉತ್ತರ, ದಕ್ಷಿಣ ಅಮೆರಿಕಗಳಲ್ಲಿ ಮಾತ್ರ. ನೀವು ನೋಡಿದ್ದು ಸೂರಕ್ಕಿ, ಇಲ್ಲವೇ ಹಗಲು ಹಾರುವ ಹಾಕ್‌ಮಾತ್ ಪತಂಗ. ಮೀಸೆ, ಆರು ಕಾಲು ಇದ್ದರೆ ಪತಂಗ. ಆದರೆ ನಿಮ್ಮ ಕಾಫಿಗೊಂದು ನಂಟಿದೆ: ಸ್ನೋಕ್ಯಾಪ್ ಇಷ್ಟಪಡುವ ವಾರ್ಷೆವಿಚಿಯಾ ಮರ ಕಾಫಿಯ ಕುಟುಂಬದ್ದೇ. ಅಂಗಳದ ಮುಸ್ಸಾಂಡದ ಹಾಗೆ ಕೆಂಪು ಎಲೆಯಂಥದ್ದು ಬಿಟ್ಟುಕೊಂಡು ನಿಲ್ಲುತ್ತೆ.

ಹುಡುಗರೇ, ಒಂದು ಮಾತು. ಬೇಲಿಯಲ್ಲಿ ಸಿಕ್ಕಿತು ಅಂತ ಬೇಲಿ ಸಾಕು ಅಂದುಕೊಳ್ಳಬೇಡಿ. ಹಿಂದೆ ಕಾಡಿಲ್ಲದ ಬೇಲಿಗಳಲ್ಲಿ ನಾನು ಗಂಟೆಗಟ್ಟಲೆ ಕಾದಿದ್ದೇನೆ, ಒಂದು ಸಲವೂ ಬರಲಿಲ್ಲ.

ಶೃಂಗೇರಿ ಹುಡುಗ:
ನಮ್ಮ ಬೇಲಿ ಹಿಂದೆ ಹತ್ತೇ ಹೆಜ್ಜೆಗೆ ಕಾಡಿತ್ತು ಮೇಡಂ. ಹೂ ಹೀರಿ ಪ್ರತಿ ಸಲ ಅಲ್ಲಿಗೇ ಹಾರುತ್ತಿತ್ತು. ಅಪ್ಪನಿಗೆ ಈಗಲೇ ಫೋನ್ ಮಾಡಿ ಹೆಸರು ಹೇಳ್ತೀನಿ.