ಅನುಭವ ಎಲ್ಲಿಂದ ತರಲಿ?

ಬಿ.ಕಾಂ ಮುಗಿಸಿ ಎರಡು ವರ್ಷವಾದರೂ ಮಗನಿಗೆ ಕೆಲಸವಿಲ್ಲ, ಹೋದಲ್ಲೆಲ್ಲ 'ಅನುಭವ ಇದೆಯಾ?' ಎಂದೇ ಕೇಳುತ್ತಾರೆ ಎಂದು ಡೊಂಬಿವಿಲಿಯ ತಾಯಿಯೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲಿನದು ಉದ್ದವಿದೆ. ಕತ್ತರಿಸಲು ಮನಸ್ಸು ಬರಲಿಲ್ಲ.

ಅಕ್ಕ, ನಿಮ್ಮ ಪತ್ರ ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. ನಾನು ಬಿ.ಕಾಂ ಮಾಡಿ ಕುಂದಾಪುರದಿಂದ ಮುಂಬಯಿಗೆ ಬಂದದ್ದು 1983ರಲ್ಲಿ. ಹಿಂದಿನ ವರ್ಷದ ಜನವರಿಯಲ್ಲಿ ಶುರುವಾದ ಬಟ್ಟೆ ಗಿರಣಿ ಮುಷ್ಕರದಿಂದ ಸುಮಾರು 2.5 ಲಕ್ಷ ಕಾರ್ಮಿಕರು ಬೀದಿಗೆ ಬಿದ್ದಿದ್ದರು. ಇಪ್ಪತ್ತು ವರ್ಷ ಲೆಕ್ಕ ಬರೆದ ಗುಮಾಸ್ತರೇ ಸಾಲಿನಲ್ಲಿ ನಿಂತಿರುವಾಗ ನನ್ನ ಸರ್ಟಿಫಿಕೇಟ್ ಯಾರಿಗೆ ಬೇಕು? ಫೋರ್ಟಿನಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂತೆ. ಊರಿಗೆ ಮಾತ್ರ 'ಆಫೀಸಿನಲ್ಲಿದ್ದೇನೆ' ಎಂದು ಬರೆದೆ. ಒಂದು ದಿನ ಅಪ್ಪಯ್ಯ ಹೇಳದೆ ಕೇಳದೆ ಬಂದರು. ಬಸ್ಸಿನ ಚೀಲ ಕಾಲಬುಡದಲ್ಲಿಟ್ಟು ಕಾಫಿ ಕುಡಿದರು. ಎದ್ದು ಬಂದು ನನ್ನ ಮುಂದೆ ಚಿಲ್ಲರೆ ಎಣಿಸಿ ಇಟ್ಟರು. ನಾನೂ ತೆಗೆದುಕೊಂಡು ಡ್ರಾಯರಿಗೆ ಹಾಕಿದೆ. ಇಬ್ಬರೂ ಮಾತಾಡಲಿಲ್ಲ. ಸಾಯುವವರೆಗೂ ಅವರು ಆ ವಿಷಯ ಎತ್ತಲಿಲ್ಲ. ನಿಮ್ಮ ಮಗ ನಿಮ್ಮ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ, ಅಲ್ವಾ?
—ಭಾಂಡುಪ್

ಅನುಭವ ಯಾಕೆ ಕೇಳುತ್ತಾರೆ? ಕೇಳುವ ಕುರ್ಚಿಯಲ್ಲಿ ಕೂತವರೇ ಹೇಳುತ್ತಾರೆ.

ಐರೋಳಿಯ ಒಂದು ಕಂಪನಿಯಲ್ಲಿ ನೇಮಕಾತಿ ನೋಡಿಕೊಳ್ಳುತ್ತೇನೆ. ಒಂದು ಹುದ್ದೆಗೆ ನೂರಾರು ಅರ್ಜಿ ಬರುತ್ತವೆ. 'ಎರಡು ವರ್ಷ ಅನುಭವ' ಎಂಬುದು ಎಷ್ಟೋ ಸಲ ರಾಶಿ ಸಣ್ಣ ಮಾಡುವ ಜರಡಿ, ಅಷ್ಟೇ. ಕಲಿಸಿದ ಮೇಲೆ ಹುಡುಗ ಬಿಟ್ಟು ಹೋದರೆ ಎಂಬ ಹೆದರಿಕೆ ಬೇರೆ. ಒಳಗಿದ್ದವರ ಒಂದು ಮಾತು ಇಲ್ಲಿ ಜಾಸ್ತಿ ನಡೆಯುತ್ತದೆ, ಸುಳ್ಳು ಯಾಕೆ ಹೇಳಲಿ. ಇನ್ನೊಂದು ದಾರಿಯೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮದಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಬಿ.ಕಾಂನವರಿಗೂ ಅವಕಾಶವಿದೆ, ಸ್ಟೈಪೆಂಡ್ ಸಿಗುತ್ತದೆ. ಪಶ್ಚಿಮ ವಲಯದ ಅಪ್ರೆಂಟಿಸ್ ತರಬೇತಿ ಮಂಡಳಿ ಸಯನ್‌ನಲ್ಲೇ ಇದೆ.
—ಠಾಣೆ

ಠಾಣೆಯ ಈ ಪತ್ರವನ್ನು ಮಗನ ಕೈಗೂ ಕೊಡಿ.

ನೀವು ಕೆಲಸದ್ದೇ ಬರೆದಿದ್ದೀರಿ. ಹುಡುಗ ಸರಿಯಾಗಿ ಊಟ ಮಾಡುತ್ತಾನಾ? ನಮ್ಮವನು 'ಹಸಿವಿಲ್ಲ' ಎಂದಾಗ ನಾನು ಸುಮ್ನೆ ಬಿಟ್ಟೆ. ನೀವು ಬಿಡಬೇಡಿ.
—ಮಡಗಾಂವ್

ಇನ್ನೊಂದು, ಬಂದ ಹಾಗೆಯೇ.

ಇಷ್ಟು ದೊಡ್ಡ ಮಗನ ಕಷ್ಟ ಅಮ್ಮ ಯಾಕೆ ಬರೆಯಬೇಕು? ಅವನಿಗೆ ಕೈ ಇಲ್ವಾ?
—ಪಿಂಪ್ರಿ, ಪುಣೆ

ಇದೆ. ತಾಯಿಯ ಪತ್ರದ ಜೊತೆ ಅರ್ಜಿ ಹಾಕಿದ ಕಡೆಗಳ ಪಟ್ಟಿ ಅವನದೇ ಅಕ್ಷರದಲ್ಲಿತ್ತು. ಎರಡು ಹಾಳೆ. ಜಾಗ ಸಾಲದೆ ನಾವೇ ಬಿಟ್ಟಿದ್ದೆವು. —ಸಂ.