ಮಕ್ಕಳು, ಅತ್ತೆ ಎಲ್ಲರ ಜೊತೆ ಸ್ನೇಹಿತರ ಮನೆಗಳಿಗೆ ಪ್ರವಾಸ: ಹೋಗಿ ಬಂದವರು ಏನಂತೀರಿ?

ಕೇಳಿದವರು

ಎಲ್ಲರಿಗೂ ನಮಸ್ಕಾರ. ಈ ರಜೆಗೆ ಮನೆಮಂದಿಯೆಲ್ಲ ದೊಡ್ಡ ಸುತ್ತು ಹೊರಟಿದ್ದೇವೆ. ನಾನು, ನನ್ನವರು, ಎಂಟು ವರ್ಷದ ಮಗಳು, ಎರಡೂವರೆ ವರ್ಷದ ಮಗ, ಜೊತೆಗೆ ಇನ್ಸುಲಿನ್ ತೆಗೆದುಕೊಳ್ಳುವ ಅತ್ತೆ. ಮೊದಲು ವಿಮಾನ, ಅಲ್ಲಿಂದ ಮುಂದೆ ಬಾಡಿಗೆ ಕಾರು. ದೂರ ದೂರ ಇರುವ ಹಳೆಯ ಸ್ನೇಹಿತರನ್ನು ನೋಡಬೇಕು, ಅವರ ಮನೆಗಳಲ್ಲೇ ಉಳಿದು ಮನಸ್ಸು ತುಂಬಾ ಮಾತಾಡಬೇಕು, ಅದಕ್ಕೇ ಹೊರಟಿರುವುದು. ಪಟ್ಟಿ ಉದ್ದ ಇದೆ, ಒಂದೊಂದು ಮನೆಯಲ್ಲಿ ಒಂದೊಂದು ರಾತ್ರಿ ಅಂದುಕೊಂಡಿದ್ದೇವೆ. ಆದರೆ ಮಗಳಿಗೆ ಕಾರು ಹತ್ತಿದರೆ ವಾಂತಿ. ಮಗ ಹೊಸ ಜಾಗದಲ್ಲಿ ನಿದ್ದೆ ಮಾಡುವುದಿಲ್ಲ. ಅಲ್ಲಿನ ಮಕ್ಕಳನ್ನು ಇವರು ನೋಡಿಯೇ ಇಲ್ಲ. ಮನೆಯವರಿಗೆ ಹೊರೆ ಆಗಬಾರದು, ನಮ್ಮ ಮಕ್ಕಳೂ ಸೊರಗಬಾರದು. ಹೀಗೆ ಹೋಗಿ ಬಂದವರು ನಿಮ್ಮ ಅನುಭವ ಹೇಳುತ್ತೀರಾ?

ಇಬ್ಬರು ಮಕ್ಕಳ ತಾಯಿ

ಮೊದಲು ನಿದ್ದೆಯ ವಿಷಯ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ನಿಮ್ಮ ಮಗನ ವಯಸ್ಸಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಹಗಲಿನದ್ದೂ ಸೇರಿ. ಮಗಳ ವಯಸ್ಸಿಗೆ, ಅಮೆರಿಕದ ನಿದ್ರಾ ತಜ್ಞರ ಸಂಘ ಹೇಳುವಂತೆ, 9ರಿಂದ 12 ಗಂಟೆ. ಪ್ರವಾಸದಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಸಂಜೆ ಐದರ ಹೊತ್ತಿಗೆ ಶುರುವಾಗುವ ರಂಪಕ್ಕೆ ನಾವು ಹಟ ಅಂತ ಹೆಸರಿಡುತ್ತೇವೆ. ನನ್ನ ಮನೆಯಲ್ಲಂತೂ ಅದು ಬಹುಪಾಲು ಮಧ್ಯಾಹ್ನ ತಪ್ಪಿದ ನಿದ್ದೆ.

ಹೊಸ ಜಾಗದಲ್ಲಿ ನಿದ್ದೆ ಹತ್ತದಿರುವುದು ದೊಡ್ಡವರಿಗೂ ಇದ್ದದ್ದೇ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ದೊಡ್ಡವರ ಮೇಲೆ ನಡೆಸಿದ ಅಧ್ಯಯನದಲ್ಲಿ, ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ ಅಂತ ಕಂಡಿತು. ಸಣ್ಣ ಸದ್ದಾದರೂ ಎಚ್ಚರ ಆಗುವುದಕ್ಕೆ ಅರ್ಧ ಕಾವಲು ಇದ್ದೇ ಇರುತ್ತದೆ. ಈಗ ನೀವೇ ಯೋಚಿಸಿ. ಒಂದೊಂದು ಮನೆಯಲ್ಲಿ ಒಂದೊಂದು ರಾತ್ರಿ ಅಂದರೆ ಪ್ರವಾಸ ಪೂರ್ತಿ ಮೊದಲ ರಾತ್ರಿಗಳೇ. ನನ್ನ ಸಲಹೆ ಇಷ್ಟೇ: ಮನೆಗಳನ್ನು ಕಡಿಮೆ ಮಾಡಿ, ಒಂದೊಂದು ಮನೆಯಲ್ಲಿ ರಾತ್ರಿಗಳನ್ನು ಜಾಸ್ತಿ ಮಾಡಿ.

ಹಗಲು ಬೆಳಕು ಇರುವಾಗಲೇ ಮನೆ ಸೇರಿಕೊಳ್ಳಿ. ನಾವು ಹೋದ ಕಡೆ ಮೊದಲ ಕೆಲಸ ಚಿಕ್ಕವನಿಗೆ ಮಲಗುವ ಕೋಣೆ ತೋರಿಸುವುದು. ಅವನ ಕೈಯಲ್ಲೇ ಸ್ವಿಚ್ ಹಾಕಿಸುತ್ತೇವೆ. ಅವನು ಹಾಕಿ, ಆರಿಸಿ, ಮತ್ತೆ ಹಾಕಿ ನೋಡುತ್ತಾನೆ. ಮಂಚದ ಕೆಳಗೆ ಬಗ್ಗುತ್ತಾನೆ. ಬಚ್ಚಲಿಗೆ ಯಾವ ಬಾಗಿಲು, ಅಮ್ಮ ಯಾವ ಕಡೆ ಮಲಗುತ್ತಾಳೆ, ಎಲ್ಲ ಕೇಳುತ್ತಾನೆ. ಕಾಲು ಗಂಟೆ ಹಿಡಿಯುತ್ತದೆ. ಆದರೆ ರಾತ್ರಿ ಕಣ್ಣು ಬಿಟ್ಟಾಗ ಅವನಿಗೆ ಅದು ನೋಡಿದ ಜಾಗ. ಮನೆಯಲ್ಲಿ ಅವನು ಹೊದ್ದುಕೊಳ್ಳುವ ಹೊದಿಕೆಯನ್ನೇ ಒಯ್ಯಿರಿ, ಹೊರಡುವ ಮುಂಚೆ ಒಗೆಯಬೇಡಿ. ಆ ವಾಸನೆ ಅವನಿಗೆ ಬೇಕು. ಬಂದ ದಿನ ಸಂಜೆ ಯಾವ ತಿರುಗಾಟವನ್ನೂ ಇಟ್ಟುಕೊಳ್ಳಬೇಡಿ.

ಕಾರು ಓಡಿಸುವ ಅಪ್ಪ

ಮಗಳ ವಾಂತಿ ಬಗ್ಗೆ ನಾನು ಹೇಳುತ್ತೇನೆ ಮೇಡಂ, ನನ್ನ ಮಗಳಿಗೂ ಇದೆ. ಕಿವಿಯ ಒಳಭಾಗ 'ನಾವು ಚಲಿಸುತ್ತಿದ್ದೇವೆ' ಅನ್ನುತ್ತದೆ, ಪುಸ್ತಕ ಅಥವಾ ಫೋನಿನಲ್ಲಿ ನೆಟ್ಟ ಕಣ್ಣು 'ಇಲ್ಲ, ಸುಮ್ನೆ ಕೂತಿದ್ದೇವೆ' ಅನ್ನುತ್ತದೆ. ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಸುಮಾರು 2ರಿಂದ 12 ವರ್ಷದವರೆಗೆ ಇದು ಜಾಸ್ತಿ. ಹಾಗಾಗಿ ಕಾರಿನಲ್ಲಿ ಫೋನ್ ಬೇಡ, ಚಿತ್ರ ಬಿಡಿಸುವುದೂ ಬೇಡ. ಮುಂದಿನ ರಸ್ತೆ ಕಾಣುವ ಹಾಗೆ ಕೂರಿಸಿ, ದೂರ ನೋಡಲು ಹೇಳಿ. ಕಿಟಕಿ ಸ್ವಲ್ಪ ಇಳಿಸಿ. ಕಾರಿನೊಳಗೆ ಸುಗಂಧದ ಡಬ್ಬಿ ಇದ್ದರೆ ತೆಗೆದಿಡಿ. ಹೊಟ್ಟೆ ಬಿರಿಯುವಷ್ಟು ತಿನ್ನಿಸಬೇಡಿ, ಪೂರ್ತಿ ಖಾಲಿಯೂ ಇಡಬೇಡಿ. ನಾವು ಮಗಳಿಗೆ ಕಣ್ಣು ಮುಚ್ಚಲು ಹೇಳಿ ಕಥೆ ಕೇಳಿಸುತ್ತೇವೆ, ಅದು ಚೆನ್ನಾಗಿ ನಡೆಯುತ್ತದೆ.

ಮಾತ್ರೆ ಕೊಡುವುದಾದರೆ ಮಕ್ಕಳ ವೈದ್ಯರನ್ನು ಕೇಳಿಯೇ ಕೊಡಿ. ವಾಂತಿ ಆದ ಮೇಲೆ ಕೊಟ್ಟರೆ ಪ್ರಯೋಜನ ಇಲ್ಲ, ಹೊರಡುವ ಮುಂಚೆ ಕೊಡಬೇಕು. ಕೆಲವು ಮಾತ್ರೆಗಳಿಗೆ ತುಂಬಾ ನಿದ್ದೆ ಬರುತ್ತದೆ. ಇಳಿದ ತಕ್ಷಣ ಆಂಟಿ ಅಂಕಲ್ ಜೊತೆ ಲವಲವಿಕೆಯಿಂದ ಮಾತಾಡಲಿ ಅಂತ ಆಗ ನಿರೀಕ್ಷೆ ಮಾಡಬೇಡಿ. ಗಟ್ಟಿ ಚೀಲ, ಒದ್ದೆ ಬಟ್ಟೆ, ಒಂದು ಜೊತೆ ಉಡುಪು ಇವು ಡಿಕ್ಕಿಯಲ್ಲಿ ಅಲ್ಲ, ಕೈಗೆ ಸಿಗುವ ಹಾಗೆ ಸೀಟಿನ ಕೆಳಗೆ ಇರಲಿ.

ಇನ್ನೊಂದು ಮಾತು. ಬಾಡಿಗೆ ಕಾರು ಅಂದಿರಲ್ಲ, ಇಬ್ಬರು ಮಕ್ಕಳ ವಯಸ್ಸು, ತೂಕ, ಎತ್ತರ ಹೇಳಿ ಮಕ್ಕಳ ಸೀಟು ಮೊದಲೇ ಕಾಯ್ದಿರಿಸಿ. ಚಿಕ್ಕವನು ಅತ್ತರೂ ಸೀಟಿನಿಂದ ಬಿಚ್ಚಿ ಮಡಿಲಿಗೆ ತೆಗೆದುಕೊಳ್ಳಬೇಡಿ. ಗಾಡಿ ನಿಲ್ಲಿಸಿ, ಇಳಿಸಿ, ಎತ್ತಿಕೊಳ್ಳಿ. ನಾನು ಸುಮಾರು ಎರಡು ಗಂಟೆಗೊಮ್ಮೆ ಕಾಲು ಗಂಟೆ ನಿಲ್ಲಿಸಿಯೇ ನಿಲ್ಲಿಸುತ್ತೇನೆ, ಓಡಿಸುವವನಿಗೂ ಅದು ಬೇಕು. ಸ್ನೇಹಿತರಿಗೆ 'ನಾಲ್ಕಕ್ಕೆ ಬರ್ತೀವಿ' ಅನ್ನುವ ಬದಲು 'ನಾಲ್ಕರಿಂದ ಆರರೊಳಗೆ' ಅನ್ನಿ. ಅವರು ಕಾಯುತ್ತಿದ್ದಾರೆ ಅಂತ ಜೋರಾಗಿ ಓಡಿಸುವುದು ಆಗ ತಪ್ಪುತ್ತದೆ.

ಪದೇ ಪದೇ ಅತಿಥಿಗಳು ಬರುವ ಮನೆಯವರು

ನಾನು ಹೋಗುವವಳಿಗಿಂತ ಕರೆಯುವವಳು. ನಮ್ಮ ಮನೆ ನಡು ದಾರಿಯಲ್ಲಿದೆ, ಸ್ನೇಹಿತರು ಮಕ್ಕಳ ಸಮೇತ ಬರುತ್ತಲೇ ಇರುತ್ತಾರೆ. ನನಗೆ ಅದು ನಿಜವಾಗಿಯೂ ಇಷ್ಟ. ಆದ್ದರಿಂದ ಆ ಕಡೆಯಿಂದ ಹೇಳುತ್ತೇನೆ.

'ಅಯ್ಯೋ ನಮಗೇನೂ ಬೇಡ, ನೀವು ಏನೂ ತೊಂದರೆ ತಗೋಬೇಡಿ' ಅನ್ನುವ ಮಾತಿನಿಂದ ನನಗೆ ಕೆಲಸ ಕಡಿಮೆ ಆಗುವುದಿಲ್ಲ, ಊಹಿಸುವ ಕೆಲಸ ಹೆಚ್ಚಾಗುತ್ತದೆ. ನನಗೆ ಬೇಕಾಗಿರುವುದು ನೇರ ಮಾತು. ಯಾವಾಗ ಬರುತ್ತೀರಿ, ಅದಕ್ಕಿಂತ ಮುಖ್ಯವಾಗಿ ಯಾವಾಗ ಹೊರಡುತ್ತೀರಿ? ಯಾರಿಗೆ ಯಾವ ತಿನಿಸು ಒಗ್ಗುವುದಿಲ್ಲ? ನಿಮ್ಮ ಅತ್ತೆಯವರಿಗೆ ಇನ್ಸುಲಿನ್ ಆದ ಮೇಲೆ ಎಷ್ಟು ಹೊತ್ತಿಗೆ ಊಟ ಆಗಬೇಕು? ಅವರಿಗೆ ಮೆಟ್ಟಿಲು ಹತ್ತಲು ಆಗುತ್ತದಾ? ರಾತ್ರಿ ಎದ್ದರೆ ದಾರಿಯಲ್ಲಿ ದೀಪ ಬೇಕಾ? ಇಷ್ಟು ಗೊತ್ತಾದರೆ ಸಾಕು, ನಾನು ನೆಮ್ಮದಿಯಾಗಿ ನಿಮ್ಮ ದಾರಿ ಕಾಯುತ್ತೇನೆ.

ಒಬ್ಬ ಗೆಳತಿ ಬಂದ ರಾತ್ರಿಯೇ ಒಂದು ಪ್ರಶ್ನೆ ಕೇಳಿದಳು: 'ನಿಮ್ಮ ಮನೆಯಲ್ಲಿ ಬೆಳಿಗ್ಗೆ ಮೊದಲು ಏಳುವುದು ಯಾರು? ಅವರಿಗೆ ಬಚ್ಚಲು ಎಷ್ಟು ಹೊತ್ತಿಗೆ ಬೇಕು?' ನನ್ನ ಯಜಮಾನರು ಕೆಲಸಕ್ಕೆ ಬೇಗ ಹೊರಡುವವರು. ಮಾರನೇ ದಿನ ಅವರು ಹೊರಡುವ ತನಕ ಅವಳು ಮಕ್ಕಳನ್ನು ಕೋಣೆಯಲ್ಲೇ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಿದ್ದಳು. ಆಮೇಲೆ ಇಡೀ ಮನೆ ಮಕ್ಕಳದ್ದು. ಅಂಥವರು ಎಷ್ಟು ದಿನ ಇದ್ದರೂ ನನಗೆ ಭಾರ ಅನ್ನಿಸುವುದಿಲ್ಲ.

ಕೆಲಸಕ್ಕೆ ಕೈ ಹಾಕಲಾ ಬೇಡವಾ ಅನ್ನುವ ಸಂಕೋಚ ಬೇಡ. 'ಏನಾದ್ರೂ ಮಾಡ್ಲಾ?' ಅಂತ ಕೇಳಿದರೆ ಯಾರಾದರೂ ಬೇಡ ಅಂತಲೇ ಹೇಳುತ್ತಾರೆ. 'ಈ ಪಾತ್ರೆ ನಾನು ತೊಳೀತೀನಿ, ನೀನು ಒರೆಸಿಡು' ಅನ್ನಿ. ನಮ್ಮ ಮನೆಯಲ್ಲಿ ಒಳ್ಳೆಯ ಮಾತುಗಳೆಲ್ಲ ಬಂದಿರುವುದು ಆ ತೊಟ್ಟಿಯ ಹತ್ತಿರವೇ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಯ ಹತ್ತಿರದ ಸ್ನೇಹ ಆಗಲು ಸುಮಾರು 200 ಗಂಟೆ ಒಟ್ಟಿಗೆ ಕಳೆದಿರಬೇಕು ಅಂತ ಅಂದಾಜು ಮಾಡಿದ್ದಾರೆ. ನಿಮ್ಮದು ಹಳೆಯ ಸ್ನೇಹ, ನಿಮಗೆ ಆ ಲೆಕ್ಕ ಬೇಕಿಲ್ಲ. ಆದರೆ ನಿಮ್ಮ ಗಂಡನಿಗೂ ಆ ಸ್ನೇಹಿತರ ಮನೆಯವರಿಗೂ, ಮಕ್ಕಳಿಗೂ ಮಕ್ಕಳಿಗೂ ಇದು ಹೊಸ ಪರಿಚಯ ಅಲ್ವಾ? ಒಂದು ರಾತ್ರಿ ಊಟ ಮಾಡಿ ಎದ್ದು ಹೋದರೆ ಅವರ ನಡುವೆ ಏನು ಬೆಳೆಯುತ್ತದೆ? ಮೇಲಿನ ಅಕ್ಕ ಹೇಳಿದ ಹಾಗೆ ಮನೆ ಕಡಿಮೆ ಇರಲಿ, ಉಳಿಯುವುದು ಜಾಸ್ತಿ ಇರಲಿ.

ಮತ್ತೊಬ್ಬರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಐದು ಜನ ಒಂದೇ ಮನೆಗೆ ಅಂದರೆ ಮನೆ ಚಿಕ್ಕದಿದ್ದಾಗ ಎಲ್ಲರಿಗೂ ಕಷ್ಟ. ನಾವು ಹತ್ತಿರದಲ್ಲೇ ಕೋಣೆ ಮಾಡಿಕೊಂಡು, ಹಗಲೆಲ್ಲ ಸ್ನೇಹಿತರ ಮನೆಯಲ್ಲಿರುತ್ತೇವೆ. ಮಗು ರಾತ್ರಿ ಅತ್ತರೆ ಇನ್ನೊಬ್ಬರ ನಿದ್ದೆ ಕೆಡುತ್ತದೆ ಅನ್ನುವ ಆತಂಕ ಇರುವುದಿಲ್ಲ. ಬೇಸರ ಮಾಡಿಕೊಳ್ಳುತ್ತಾರೆ ಅನ್ನಿಸಿದರೆ ಮೊದಲೇ ಕಾರಣ ಹೇಳಿಬಿಡಿ, ಅಲ್ಲಿ ಹೋಗಿ ಹೇಳಬೇಡಿ.

ಶಿಶುವಿಹಾರದ ಟೀಚರ್

ಮಕ್ಕಳ ವಿಷಯಕ್ಕೆ ಬರುತ್ತೇನೆ. ಎರಡೂವರೆ ವರ್ಷದವನು ಅಲ್ಲಿನ ಮಗುವಿನ ಜೊತೆ 'ಸೇರಿ ಆಡುತ್ತಿಲ್ಲ' ಅಂತ ಚಿಂತೆ ಮಾಡಬೇಡಿ. ಈ ವಯಸ್ಸಿನವರು ಅಕ್ಕಪಕ್ಕ ಕೂತು ತಮ್ಮ ತಮ್ಮ ಆಟ ಆಡುತ್ತಾರೆ. ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅದೂ ಆಟವೇ. ಒಂದೇ ಥರದ ಎರಡು ಸಾಮಾನು ಕೊಡಿ, ಎರಡು ಬಕೆಟ್, ಎರಡು ಚೆಂಡು. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಆತಿಥೇಯರಿಗೆ ಒಂದು ಮಾತು ಮೊದಲೇ ತಿಳಿಸಿ: ಅವರ ಮಗು ಯಾರಿಗೂ ಮುಟ್ಟಲು ಬಿಡದ ಆಟಿಕೆಗಳನ್ನು ತಾನೇ ಆರಿಸಿ ಬೀರುವಿನಲ್ಲಿ ಇಟ್ಟುಬಿಡಲಿ. ಹೊರಗೆ ಉಳಿದದ್ದು ಎಲ್ಲರದ್ದು. ಇದನ್ನು ಅತಿಥಿ ಬಂದ ಮೇಲೆ ಮಾಡಿದರೆ ಅಳು, ಮುಂಚೆ ಮಾಡಿದರೆ ಒಪ್ಪಂದ. ನಿಮ್ಮ ಎಂಟು ವರ್ಷದವಳನ್ನು ಅಲ್ಲಿನ ಮಗುವಿನ ಜೊತೆ ಹೊರಡುವ ಮುಂಚೆ ಒಂದೆರಡು ಸಲ ವೀಡಿಯೊ ಕರೆಯಲ್ಲಿ ಮಾತಾಡಿಸಿ. ಇಬ್ಬರೂ ಸೇರಿ ಏನು ಮಾಡಬೇಕು ಅಂತ ಅವರೇ ತೀರ್ಮಾನ ಮಾಡಲಿ. ದೊಡ್ಡವರು ಅಪ್ಪಿಕೊಳ್ಳಲು ಬಂದಾಗ ಮಗು ಹಿಂದೆ ಸರಿದರೆ ಬಲವಂತ ಬೇಡ. ಕೈ ಬೀಸಿದರೂ ಸಾಕು.

ಆ ಮನೆಯಲ್ಲಿ ನಾಯಿ, ಬೆಕ್ಕು ಇದೆಯಾ ಕೇಳಿಕೊಳ್ಳಿ. ಪರಿಚಯದ ನಾಯಿಗಳೇ ಮಕ್ಕಳಿಗೆ ಹೆಚ್ಚಾಗಿ ಕಚ್ಚುವುದು. ನಾಯಿ ತಿನ್ನುವಾಗ, ಮಲಗಿದಾಗ ಚಿಕ್ಕವನು ಹತ್ತಿರ ಹೋಗದ ಹಾಗೆ ಒಬ್ಬರು ಕಣ್ಣಿಟ್ಟಿರಬೇಕು. ಯಾರಿಗಾದರೂ ಬೆಕ್ಕಿನ ಅಲರ್ಜಿ ಇದ್ದರೆ, ಬೆಕ್ಕನ್ನು ಒಂದು ದಿನ ಹೊರಗೆ ಕಳಿಸಿದರೆ ಸಾಲದು. ಸೋಫಾ, ಪರದೆಗಳಲ್ಲಿ ಆ ಅಂಶ ತಿಂಗಳುಗಟ್ಟಲೆ ಉಳಿದಿರುತ್ತದೆ. ಅಂಥ ಕಡೆ ಮೇಲಿನವರು ಹೇಳಿದಂತೆ ಬೇರೆ ಕೋಣೆಯೇ ಸರಿ.

ಮನೆಯ ಹಿರಿಯರನ್ನು ಕರೆದೊಯ್ಯುವ ಮಗ

ಅತ್ತೆಯವರ ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಪೂರ್ತಿ. ವಿಮಾನದ ಕೆಳಗೆ ಹೋಗುವ ಪೆಟ್ಟಿಗೆ ತಪ್ಪಿಹೋಗಬಹುದು, ಅಲ್ಲಿ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಲೂಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಬಾರದು. ವೈದ್ಯರ ಚೀಟಿಯ ಪ್ರತಿ ಒಂದು ಚೀಲದಲ್ಲಿ, ಒಂದು ಫೋನಿನಲ್ಲಿ. ಸ್ನೇಹಿತರ ಮನೆಯ ಫ್ರಿಜ್ಜಿನಲ್ಲಿ ಇಡುವಾಗ ಫ್ರೀಜರಿನಿಂದ ದೂರ, ಹೆಸರು ಬರೆದ ಡಬ್ಬಿಯಲ್ಲಿ ಇಡಿ. ಹೊರಡುವ ದಿನ ಫ್ರಿಜ್ಜಿನಿಂದ ತೆಗೆಯುವುದನ್ನು ಕಾರಿನ ಕೀಲಿಗೆ ಕಟ್ಟಿದ ಚೀಟಿಯಲ್ಲಿ ಬರೆದಿಡುತ್ತೇನೆ ನಾನು.

ಇದಕ್ಕಿಂತ ಮುಖ್ಯವಾದದ್ದು. ಅತಿಥಿಗಳ ಚೀಲ ನೆಲದ ಮೇಲಿರುತ್ತದೆ, ಅದರಲ್ಲಿ ಹಿರಿಯರ ಮಾತ್ರೆ ಇರುತ್ತದೆ. ಆ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅದು ದೊಡ್ಡ ಅಪಾಯ. ಹೋದ ತಕ್ಷಣ 'ಮಾತ್ರೆ ಇಡಲು ಎತ್ತರದ ಜಾಗ ಕೊಡಿ' ಅಂತ ಕೇಳಿ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಲ್ಲಿ ಒಂದೇ ಒಂದು ನುಂಗಿದರೂ ಪುಟ್ಟ ಮಗುವಿನ ರಕ್ತದ ಸಕ್ಕರೆ ಅಪಾಯಕ್ಕೆ ಇಳಿಯುತ್ತದೆ. ಹಾಗೆಯೇ ರಿಮೋಟ್, ಆಟಿಕೆಗಳ ಬಟನ್ ಬ್ಯಾಟರಿ. ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಪ್ರತಿ ಊರಿನಲ್ಲೂ ಹತ್ತಿರದ ಆಸ್ಪತ್ರೆ ಯಾವುದು ಅಂತ ಸ್ನೇಹಿತರನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ವಿಮಾನದ್ದು ಚುಟುಕಾಗಿ: ಕಿವಿ ನೋವು ಜಾಸ್ತಿ ಬರುವುದು ಇಳಿಯುವಾಗ. ಇಳಿಯಲು ಶುರುವಾಗುವ ಮುಂಚೆ ಮಗನನ್ನು ಎಬ್ಬಿಸಿ, ಗುಟುಕು ಗುಟುಕಾಗಿ ಏನಾದರೂ ಕುಡಿಸುತ್ತಾ ಇರಿ. ನುಂಗಿದಾಗ ಕಿವಿಯ ಒತ್ತಡ ಸರಿಹೋಗುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. 100 ವ್ಯಾಟ್ ಅವರ್ ಒಳಗಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ, 20,000 ಎಂಎಎಚ್‌ನದ್ದು ಸುಮಾರು 74 ಬರುತ್ತದೆ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ನನ್ನವರಿಗೂ ಓದಿಸಿದೆ. ಪಟ್ಟಿ ಕಡಿಮೆ ಮಾಡಲು ಇಬ್ಬರೂ ಒಪ್ಪಿದ್ದೇವೆ. ಆದರೆ ಕೆಲವರಿಗೆ 'ಬರ್ತೀವಿ' ಅಂತ ಆಗಲೇ ಹೇಳಿದ್ದೇವೆ. ಈಗ ಬರಲ್ಲ ಅಂದರೆ ನೊಂದುಕೊಳ್ಳಲ್ವಾ?

ಪದೇ ಪದೇ ಅತಿಥಿಗಳು ಬರುವ ಮನೆಯವರು

ಕೊನೇ ಗಳಿಗೆಯಲ್ಲಿ ಹೇಳಿದರೆ ನೊಂದುಕೊಳ್ಳುತ್ತಾರೆ. ಈಗ ಹೇಳಿದರೆ ಅವರೂ ಒಂದು ದಾರಿ ಹುಡುಕುತ್ತಾರೆ. ನೀವು ಜಾಸ್ತಿ ದಿನ ಉಳಿಯುವ ಊರಿಗೆ ಅವರನ್ನೇ ಕರೆಯಿರಿ. ಇಲ್ಲವೇ ದಾರಿಯಲ್ಲಿ ಒಂದು ಉದ್ಯಾನದಲ್ಲಿ ಮಧ್ಯಾಹ್ನ ಪೂರ್ತಿ ಸೇರಿ. ಮಕ್ಕಳಿಗೆ ಓಡಾಡಲು ಜಾಗ, ಯಾರಿಗೂ ಮನೆ ಅಣಿಮಾಡುವ ಕೆಲಸವಿಲ್ಲ. ನಮ್ಮ ಹಳೆಯ ಗೆಳೆಯರೊಬ್ಬರನ್ನು ಹೀಗೆಯೇ ನೋಡುತ್ತೇವೆ, ಮಾತಿಗೆ ಯಾವತ್ತೂ ಕೊರತೆಯಾಗಿಲ್ಲ.

ಸಂದೇಶ ಹೀಗೆ ಬರೆಯಿರಿ: 'ಮಗ ಒಂದೊಂದು ರಾತ್ರಿ ಒಂದೊಂದು ಕಡೆ ಮಲಗುವುದಿಲ್ಲ, ಅತ್ತೆಗೂ ಆಗುವುದಿಲ್ಲ. ಆದ್ದರಿಂದ ಈ ಸಲ ನಿಮ್ಮ ಮನೆಯಲ್ಲಿ ಉಳಿಯಲು ಆಗುತ್ತಿಲ್ಲ. ಆದರೆ ನಿಮ್ಮನ್ನು ನೋಡದೆ ವಾಪಸ್ ಹೋಗುವುದಿಲ್ಲ. ಈ ಎರಡು ದಿನಗಳಲ್ಲಿ ನಿಮಗೆ ಯಾವುದು ಅನುಕೂಲ?' ಜೊತೆಗೆ ದಿನಾಂಕ ಹಾಕಿ. 'ನೋಡೋಣ' ಅಂತ ಬಿಡಬೇಡಿ. ಸಾಧ್ಯವಾದರೆ ಇವತ್ತೇ ಕಳಿಸಿ, ಅವರೂ ರಜೆ ಹೊಂದಿಸಿಕೊಳ್ಳಬೇಕಲ್ಲ.